ಮುದ್ರೆಯೂ ಹೆಸರೂ: ಅಮೆರಿಕಾದ ಕಪ್ಪುಜನರ ವಾಣಿಜ್ಯಚರಿತ್ರೆಯಲ್ಲಿ ಒಂದು ವಿಚಾರ

೧

ಮಾರಾಟದ ಪದಾರ್ಥಗಳಿಗೆ ಹಾಕುವ ಗುರುತನ್ನು ಇಂಗ್ಲಿಷಿನಲ್ಲಿ ‘ಬ್ರ್ಯಾಂಡ್’ ಎಂದು ಕರೆಯುವರು. ಉರಿಯುವ ಕೊಳ್ಳಿ, ಸುಡುವಿಕೆ ಎಂಬ ಅರ್ಥವುಳ್ಳ ಪ್ರಾಚೀನ ಜರ್ಮಾನಿಕ್ ಶಬ್ದದಿಂದ ಇದು ಬಂದಿದೆ. ಕಾದ ಕಬ್ಬಿಣದಿಂದ ದನಗಳ ಮೈಮೇಲೆ ಬರೆಯಿಟ್ಟು ಒಡೆಯನನ್ನು ಸೂಚಿಸುವುದು ಇದರ ಹಳೆಯ ಅರ್ಥಗಳಲ್ಲೊಂದು. ಪೀಪಾಯಿ ಪೆಟ್ಟಿಗೆಗಳ ಮೇಲೆ ಸುಟ್ಟು ಮೂಡಿಸಿದ ಚಿಹ್ನೆಯೆಂಬುದು ಮತ್ತೊಂದು. ಸರಕಿನ ಹೆಸರು, ಆ ಹೆಸರಿಗೆ ಅಂಟಿಕೊಂಡ ಕೀರ್ತಿ ಎಂಬ ಅರ್ಥಗಳು ಈಚಿನವು. ಭರತಖಂಡದಲ್ಲಿಯೂ ಪಶುಗಳಿಗೆ ಗುರುತು ಹಾಕುವ ಪದ್ಧತಿಯು ಅತಿಪುರಾತನವಾದುದು. ಎಂಟು, ಐದು, ಮಣಿ, ಸ್ರುವ, ಸ್ವಸ್ತಿಕ ಮುಂತಾದ ಕಿವಿಗುರುತುಗಳನ್ನು ಪಾಣಿನಿಯು ಅಷ್ಟಾಧ್ಯಾಯಿಯ ಆರನೆಯ ಅಧ್ಯಾಯದಲ್ಲಿ ಹೆಸರಿಸಿರುವುದನ್ನು ವ್ಯಾಕರಣ ಬಲ್ಲವರು ಅರಿತಿರುವರು.

ಈ ಗುರುತುಗಳಲ್ಲಿ ಎರಡು ಬಗೆಗಳನ್ನು ವಿವೇಚಿಸಬೇಕು. ಒಂದು, ಪದಾರ್ಥದ ಒಡೆಯನು ಯಾರೆಂಬುದನ್ನು ತಿಳಿಸುವುದು. ಇದನ್ನು ಸ್ವಾಮ್ಯಮುದ್ರೆ ಎನ್ನಬಹುದು. ಇನ್ನೊಂದು, ಪದಾರ್ಥವನ್ನು ಮಾಡಿದವರು ಯಾರು, ಅದರ ಗುಣದೋಷಗಳಿಗೆ ಹೊಣೆ ಯಾರು ಎಂಬುದನ್ನು ತಿಳಿಸುವುದು, ಇದು ಕರ್ತೃಮುದ್ರೆ. ವಚನದ ಕೊನೆಯಲ್ಲಿ ಬರುವ ಅಂಕಿತವೂ ಅಕ್ಕಸಾಲೆಯ ಕೈಗುರುತೂ ಈ ಎರಡನೆಯ ವರ್ಗಕ್ಕೆ ಸೇರತಕ್ಕವು. ಸಾಮಾನ್ಯ ವಾಣಿಜ್ಯದಲ್ಲಿ ಒಡೆಯನೂ ಕರ್ತೃವೂ ಒಬ್ಬನೇ ಆಗಿರುವುದರಿಂದ ಈ ಭೇದವು ಕಣ್ಣಿಗೆ ಬೀಳುವುದಿಲ್ಲ. ಆದರೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಕಪ್ಪುಜನರ ಚರಿತ್ರೆಯಲ್ಲಿ ಇವೆರಡೂ ಒಂದಕ್ಕೊಂದು ಎದುರಾಗಿ ನಿಂತಿವೆ. ಅನ್ಯರ ಸ್ವಾಮ್ಯಮುದ್ರೆಯನ್ನು ಮೈಮೇಲೆಯೇ ಹೊತ್ತಿದ್ದ ಜನರು ತಮ್ಮ ಹೆಸರನ್ನು ಕರ್ತೃಮುದ್ರೆಯಾಗಿ ಸರಕಿನ ಮೇಲೆ ಅಚ್ಚುಮಾಡುವ ಹಂತಕ್ಕೆ ಹೇಗೆ ಬಂದರು, ಆ ಹೆಸರಿಗೆ ಬೆಲೆ ಎಲ್ಲಿಂದ ಬಂದಿತು ಎಂಬುದೇ ಪ್ರಸ್ತುತ ವಿಚಾರದ ವಿಷಯ. ಇದಕ್ಕೆ ಮುಖ್ಯ ಉದಾಹರಣೆಯಾಗಿ ಮೇಡಮ್ ಸಿ. ಜೆ. ವಾಕರ್ ಎಂದು ಪ್ರಸಿದ್ಧಳಾದ ಮಹಿಳೆಯ ಉದ್ಯಮವನ್ನು ತೆಗೆದುಕೊಳ್ಳಲಾಗಿದೆ.

೨

ಇಂಗ್ಲೆಂಡಿನಲ್ಲಿ ೧೬೭೨ರಲ್ಲಿ ರಾಜಶಾಸನದಿಂದ ಸ್ಥಾಪಿತವಾದ ರಾಯಲ್ ಆಫ್ರಿಕನ್ ಕಂಪೆನಿಯವರು ಪಶ್ಚಿಮ ಆಫ್ರಿಕಾದಿಂದ ಗುಲಾಮರನ್ನು ಹಡಗುಗಳಲ್ಲಿ ಸಾಗಿಸುತ್ತಿದ್ದರು. ದೊರೆಯ ಸೋದರನಾದ ಯಾರ್ಕಿನ ಡ್ಯೂಕನು ಅದರ ಮುಖ್ಯಾಧಿಕಾರಿ. ಆತನ ಬಿರುದಿನ ಆದ್ಯಕ್ಷರಗಳನ್ನು ಕಾದ ಕಬ್ಬಿಣದಿಂದ ಗುಲಾಮರ ಮೈಮೇಲೆ ಒತ್ತುವ ರೂಢಿಯಿತ್ತು. ಹೀಗೆ ಆ ಜನರಿಗೆ ಇಂಗ್ಲಿಷ್ ಲಿಪಿಯ ಪರಿಚಯವಾದದ್ದು ಓದಿನ ಮೂಲಕವಲ್ಲ, ಗಾಯದ ಮೂಲಕ. ಹುಟ್ಟುಹೆಸರು ಸಮುದ್ರದಾಚೆ ಉಳಿಯಿತು. ಹೊಸ ನಾಡಿನಲ್ಲಿ ಒಡೆಯನು ಇಟ್ಟ ಒಂದು ಕರೆಯುವ ಹೆಸರು ಮಾತ್ರ ದೊರೆಯಿತು. ಕುಲನಾಮಕ್ಕೆ ಕಾನೂನಿನ ಮನ್ನಣೆಯಿರಲಿಲ್ಲ.

ಕೈಕೆಲಸದಲ್ಲಿ ಮಾತ್ರ ಅವರ ನೆರವಿಲ್ಲದೆ ದಕ್ಷಿಣದ ಸಂಸ್ಥಾನಗಳಲ್ಲಿ ಏನೂ ನಡೆಯುತ್ತಿರಲಿಲ್ಲ. ಕಮ್ಮಾರ, ಬಡಗಿ, ಕುಂಬಾರ, ಕ್ಷೌರಿಕ, ಅಡಿಗೆಯವರು, ಹೊಲಿಗೆಯವರು ಎಲ್ಲರೂ ಅವರಲ್ಲಿ ಇದ್ದರು. ಆದರೆ ಮಾಡಿದ ಕೆಲಸಕ್ಕೆ ಹೆಸರು ಸೇರುವಂತಿರಲಿಲ್ಲ. ಗುಲಾಮನೊಬ್ಬನು ಕಂಡುಹಿಡಿದ ಯಂತ್ರೋಪಕರಣಕ್ಕೆ ಸರಕಾರದ ಪೇಟೆಂಟ್ ಹಕ್ಕು ದೊರೆಯುವುದೋ ಎಂಬ ಪ್ರಶ್ನೆಯು ೧೮೫೮ರಲ್ಲಿ ಆ ದೇಶದ ಅಟಾರ್ನಿ ಜನರಲ್ ಅವರ ಮುಂದೆ ಬಂದಿತು. ಗುಲಾಮನು ಪೌರನಲ್ಲವಾದುದರಿಂದ ಅವನಿಗೂ ಇಲ್ಲ, ಕಂಡುಹಿಡಿದವನು ತಾನಲ್ಲವಾದುದರಿಂದ ಅವನ ಒಡೆಯನಿಗೂ ಇಲ್ಲ ಎಂದು ನಿರ್ಣಯವಾಯಿತು. ಕೃತಿಯಿದ್ದೂ ಕರ್ತೃವಿಲ್ಲವೆಂಬ ಈ ವಿಚಿತ್ರಸ್ಥಿತಿಯನ್ನು ನ್ಯಾಯಶಾಸ್ತ್ರವೇ ಒಪ್ಪಿಕೊಂಡಂತಾಯಿತು.

ಇದಕ್ಕೆ ವಿರುದ್ಧವಾಗಿ ನಿಲ್ಲುವ ಒಂದು ಸಾಕ್ಷ್ಯವು ಮಣ್ಣಿನ ಪಾತ್ರೆಗಳ ಮೇಲೆ ಉಳಿದುಬಂದಿದೆ. ದಕ್ಷಿಣ ಕ್ಯಾರೊಲೈನಾದ ಎಜ್‌ಫೀಲ್ಡ್ ಪ್ರಾಂತದಲ್ಲಿ ಡೇವ್ ಎಂಬ ಗುಲಾಮ ಕುಂಬಾರನಿದ್ದನು. ಬಿಡುಗಡೆಯ ಅನಂತರ ಡೇವಿಡ್ ಡ್ರೇಕ್ ಎಂದು ಹೆಸರಾದವನು ಇವನೇ. ಗುಲಾಮರಿಗೆ ಓದುಬರಹ ಕಲಿಸಕೂಡದೆಂದು ಆ ಸಂಸ್ಥಾನವು ೧೮೩೪ರಲ್ಲಿ ಕಾನೂನು ಮಾಡಿತು. ಅದೇ ವರ್ಷದಿಂದಲೇ ಡೇವನು ಹಸಿಮಣ್ಣಿನ ಮೇಲೆ ದ್ವಿಪದಿಗಳನ್ನು ಬರೆದ ಪಾತ್ರೆಗಳು ದೊರೆತಿವೆ. ೧೮೫೯ರಲ್ಲಿ ಮಾಡಿದ ಭಾರಿ ಹರವಿಗಳು ಸುಮಾರು ನಾಲ್ವತ್ತು ಗ್ಯಾಲನ್ ಹಿಡಿಯುವಂತಹವು. ಇವನ ಅನೇಕ ಪಾತ್ರೆಗಳ ಮೇಲೆ ತಾರೀಖಿನೊಡನೆ ಎರಡು ಗುರುತುಗಳಿವೆ: ಒಂದು ಒಡೆಯನಾದ ಲೂಯಿಸ್ ಮೈಲ್ಸನ ಆದ್ಯಕ್ಷರ, ಇನ್ನೊಂದು ‘ಡೇವ್’ ಎಂಬ ಕೈಬರಹ. ಮೇಲೆ ಹೇಳಿದ ಎರಡು ಮುದ್ರೆಗಳು ಒಂದೇ ಪಾತ್ರೆಯ ಮೇಲೆ ಇಷ್ಟು ಸ್ಪಷ್ಟವಾಗಿ ಸೇರಿರುವ ಉದಾಹರಣೆ ಬೇರೆಡೆ ಅಪರೂಪ. ಪಾತ್ರೆಯನ್ನು ಮಾರಿ ಹಣ ಪಡೆದವನು ಮೈಲ್ಸ್. ಅದನ್ನು ಮಾಡಿದವನು ತಾನೆಂದು ಹೇಳಿದವನು ಡೇವ್. ಕರ್ತೃಮುದ್ರೆಯು ಲಾಭಕ್ಕಿಂತ ಮೊದಲು ಹುಟ್ಟಿತೆಂಬುದನ್ನು ಇದರಿಂದ ಊಹಿಸಬಹುದು.

೩

೧೮೬೫ರಲ್ಲಿ ಗುಲಾಮಗಿರಿಯು ಸಂವಿಧಾನದ ತಿದ್ದುಪಡಿಯಿಂದ ಕೊನೆಗೊಂಡಿತು. ಬಿಡುಗಡೆ ಹೊಂದಿದವರ ಮೊದಲ ಕಾರ್ಯಗಳಲ್ಲಿ ಹೆಸರಿಟ್ಟುಕೊಳ್ಳುವುದೂ ಒಂದಾಗಿದ್ದಿತು. ಪ್ರಖ್ಯಾತ ಶಿಕ್ಷಣವೇತ್ತನಾದ ಬುಕರ್ ಟಿ. ವಾಷಿಂಗ್ಟನ್ ಬಾಲಕನಾಗಿ ಶಾಲೆಗೆ ಸೇರಿದಾಗ ಮಿಕ್ಕ ಹುಡುಗರಿಗೆಲ್ಲ ಎರಡೆರಡು ಹೆಸರುಗಳಿರುವುದನ್ನು ಕಂಡು, ಉಪಾಧ್ಯಾಯರು ಕೇಳಿದಾಗ ‘ವಾಷಿಂಗ್ಟನ್’ ಎಂಬುದನ್ನು ತಾನೇ ಸೇರಿಸಿಕೊಂಡನೆಂದು ಆತ್ಮಚರಿತ್ರೆಯಲ್ಲಿ ಬರೆದಿದ್ದಾನೆ.

ಹೆಸರು ದೊರೆತರೂ ಗೌರವವು ದೊರೆಯಲಿಲ್ಲ. ಕಪ್ಪುಜನರಲ್ಲಿ ಎಷ್ಟೇ ಹಿರಿಯರಾದವರನ್ನೂ ಶ್ರೀಮಾನ್, ಶ್ರೀಮತಿ ಎಂಬರ್ಥದ ‘ಮಿಸ್ಟರ್’, ‘ಮಿಸೆಸ್’ ಶಬ್ದಗಳಿಂದ ಕರೆಯಲು ದಕ್ಷಿಣದ ಬಿಳಿಯರು ಒಪ್ಪುತ್ತಿರಲಿಲ್ಲ. ಕಿರಿಯರನ್ನು ಬರಿಯ ಹೆಸರಿನಿಂದಲೂ, ಮುದುಕರನ್ನು ‘ಅಂಕಲ್’, ‘ಆಂಟ್’ ಎಂದೂ ಕರೆಯುತ್ತಿದ್ದರು. ಕನ್ನಡನಾಡಿನಲ್ಲಿ ಪರಿಚಯವಿಲ್ಲದವರನ್ನೂ ಅಣ್ಣ, ಅಕ್ಕ, ಅಜ್ಜಿ ಎನ್ನುವುದು ಆದರದ ಲಕ್ಷಣ. ಅಲ್ಲಿ ಬಂಧುವಾಚಕವು ಆದರವನ್ನು ತಪ್ಪಿಸುವ ಉಪಾಯವಾಗಿದ್ದಿತು. ಈ ವ್ಯತ್ಯಾಸವನ್ನು ಮರೆತರೆ ಮುಂದಿನ ಸಂಗತಿಯು ಅರ್ಥವಾಗದು.

೧೮೮೯ರಲ್ಲಿ ಮಿಸ್ಸೂರಿ ಸಂಸ್ಥಾನದ ಸೇಂಟ್ ಜೋಸೆಫ್ ಪಟ್ಟಣದಲ್ಲಿ ಬಿಳಿಯ ವ್ಯಾಪಾರಿಗಳು ಪ್ಯಾನ್‌ಕೇಕ್ ಎಂಬ ದೋಸೆಯಂತಹ ಭಕ್ಷ್ಯಕ್ಕೆ ಸಿದ್ಧಹಿಟ್ಟನ್ನು ಮಾಡಿ, ಅದಕ್ಕೆ ‘ಆಂಟ್ ಜೆಮೈಮ’ ಎಂದು ಹೆಸರಿಟ್ಟರು. ಬಿಳಿಯರ ಮನೆಯಲ್ಲಿ ನಗುನಗುತ್ತ ಅಡಿಗೆ ಮಾಡುವ ಕಪ್ಪು ಸೇವಕಿಯೆಂಬ ಕಲ್ಪನೆಯೇ ಆ ಮುದ್ರೆ. ಗುಲಾಮಗಿರಿಯಲ್ಲಿ ಹುಟ್ಟಿದ್ದ ನ್ಯಾನ್ಸಿ ಗ್ರೀನ್ ಎಂಬ ಅಡಿಗೆಯವಳು ೧೮೯೩ರ ಷಿಕಾಗೋ ವಿಶ್ವಪ್ರದರ್ಶನದಲ್ಲಿ ಆ ವೇಷವನ್ನು ಧರಿಸಿ ಜನರಿಗೆ ಭಕ್ಷ್ಯವನ್ನು ಮಾಡಿ ಬಡಿಸಿದಳು. ‘ಕ್ರೀಮ್ ಆಫ್ ವೀಟ್’ ಎಂಬ ಗೋಧಿಯ ಗಂಜಿಯ ಪೊಟ್ಟಣದ ಮೇಲೂ ಕಪ್ಪು ಅಡಿಗೆಯವನ ಚಿತ್ರ ಬಂದಿತು. ಇಲ್ಲಿ ಮುಖವು ಒಬ್ಬರದು, ಮುದ್ರೆಯು ಇನ್ನೊಬ್ಬರದು. ದೇಹವನ್ನು ಕೊಳ್ಳಲು ಕಾನೂನು ಅಡ್ಡಬಂದ ಮೇಲೆ ಮುಖಚ್ಛಾಯೆಯನ್ನು ಕೊಂಡಂತಾಯಿತು. ನ್ಯಾನ್ಸಿ ಗ್ರೀನ್ ೧೯೨೩ರಲ್ಲಿ ತೀರಿಕೊಂಡಳು. ಷಿಕಾಗೋ ನಗರದಲ್ಲಿ ಆಕೆಯ ಸಮಾಧಿಗೆ ಹೆಸರು ಕೆತ್ತಿದ ಕಲ್ಲು ನಿಂತದ್ದು ೨೦೨೦ರಲ್ಲಿ. ‘ಆಂಟ್ ಜೆಮೈಮ’ ಎಂಬ ಹೆಸರನ್ನು ಕೈಬಿಡುವುದಾಗಿ ಅದರ ಒಡೆಯರು ಸಾರಿದ್ದೂ ಅದೇ ವರ್ಷ. ಲಕ್ಷಾಂತರ ಪೊಟ್ಟಣಗಳಿಗೆ ರೂಪ ಕೊಟ್ಟವಳ ಸ್ವಂತ ಹೆಸರು ಒಂದು ಕಲ್ಲಿನ ಮೇಲೆ ಬರಲು ತೊಂಬತ್ತೇಳು ವರ್ಷ ಹಿಡಿಯಿತು.

ಕಪ್ಪುಜನರು ತಾವೇ ವ್ಯಾಪಾರಕ್ಕೆ ಇಳಿಯಬೇಕಾದರೆ ಇನ್ನೊಂದು ವಿಘ್ನವಿದ್ದಿತು. ಅದು ವಿಶ್ವಾಸದ ಕೊರತೆ. ಬಿಡುಗಡೆ ಹೊಂದಿದವರ ಉಳಿತಾಯಕ್ಕೆಂದು ೧೮೬೫ರಲ್ಲಿ ರಾಷ್ಟ್ರಸಭೆಯ ಸನ್ನದಿನಿಂದ ಸ್ಥಾಪಿತವಾದ ಫ್ರೀಡ್‌ಮನ್ಸ್ ಬ್ಯಾಂಕು ನಡೆಸುವವರ ಅವ್ಯವಹಾರದಿಂದ ೧೮೭೪ರಲ್ಲಿ ಮುಳುಗಿತು. ಬಡವರು ಕೂಡಿಸಿದ್ದ ಹಣ ಅದರೊಡನೆ ಹೋಯಿತು. ಆದುದರಿಂದ ಹೊಸ ಹೆಸರೊಂದು ಮಾರುಕಟ್ಟೆಗೆ ಬಂದಾಗ ‘ಇದು ಚೆನ್ನಾಗಿದೆಯೆ’ ಎಂಬ ಪ್ರಶ್ನೆಗಿಂತ ‘ಇವರನ್ನು ನಂಬಬಹುದೆ’ ಎಂಬ ಪ್ರಶ್ನೆಯು ಮೊದಲು ಏಳುತ್ತಿದ್ದಿತು. ಈ ಪ್ರಶ್ನೆಗೆ ಉತ್ತರ ಕೊಡಲೆಂದೇ ಬುಕರ್ ವಾಷಿಂಗ್ಟನ್ನನು ೧೯೦೦ರಲ್ಲಿ ಬಾಸ್ಟನ್ ನಗರದಲ್ಲಿ ರಾಷ್ಟ್ರೀಯ ವರ್ತಕಸಂಘವನ್ನು ಸ್ಥಾಪಿಸಿದನು. ವರ್ಷಕ್ಕೊಮ್ಮೆ ಕೂಡುವ ಸಭೆಯಲ್ಲಿ ಒಬ್ಬೊಬ್ಬ ವರ್ತಕನೂ ಎದ್ದುನಿಂತು ತಾನು ಎಲ್ಲಿಂದ ಬಂದೆ, ಏನು ಗಳಿಸಿದೆ ಎಂದು ಹೇಳುವುದು ಅಲ್ಲಿನ ವಾಡಿಕೆ. ಒಬ್ಬನ ಸಾಕ್ಷ್ಯವು ಇನ್ನೊಬ್ಬನಿಗೆ ಧೈರ್ಯವಾಗುತ್ತಿದ್ದಿತು.

೪

ವಾಕರಳಿಗೆ ಮೊದಲೇ ಈ ಮಾರ್ಗದಲ್ಲಿ ನಡೆದವಳು ಆ್ಯನಿ ಟರ್ನ್‌ಬೋ. ಮದುವೆಯ ಅನಂತರ ಆ್ಯನಿ ಮಲೋನ್ ಎಂದು ಹೆಸರಾದವಳು. ಇಲಿನಾಯ್ ಸಂಸ್ಥಾನದಲ್ಲಿ ೧೮೬೯ರಲ್ಲಿ ಹುಟ್ಟಿದ ಈಕೆ ಕಪ್ಪುಮಹಿಳೆಯರ ತಲೆಗೂದಲಿನ ಆರೈಕೆಗೆ ಬೇಕಾದ ಲೇಪಗಳನ್ನು ತಾನೇ ತಯಾರಿಸಿ, ೧೯೦೨ರಲ್ಲಿ ಮಿಸ್ಸೂರಿಯ ಸೇಂಟ್ ಲೂಯಿಸ್ ನಗರಕ್ಕೆ ಬಂದು, ಮನೆಮನೆಗೆ ಹೋಗಿ ಬಳಸಿ ತೋರಿಸಿ ಮಾರಿದಳು. ಆಕೆಯ ಸರಕು ಹೆಸರಾದೊಡನೆ ಅನುಕರಣಗಳೂ ಹುಟ್ಟಿದವು. ಅವುಗಳಿಂದ ತನ್ನದನ್ನು ಬೇರ್ಪಡಿಸಲು ೧೯೦೬ರಲ್ಲಿ ‘ಪೋರೋ’ ಎಂಬ ಹೆಸರನ್ನು ಕಾನೂನಿನಂತೆ ದಾಖಲು ಮಾಡಿಸಿದಳು.

ಈ ಪೋರೋ ಶಬ್ದದ ನಿಷ್ಪತ್ತಿಯ ವಿಷಯದಲ್ಲಿ ಎರಡು ಪಕ್ಷಗಳಿವೆ. ಪಶ್ಚಿಮ ಆಫ್ರಿಕಾದ ಮೆಂಡೆ ಮೊದಲಾದ ಜನರಲ್ಲಿ ಪೋರೋ ಎಂಬ ದೀಕ್ಷಾಸಂಘವುಂಟು. ಹೆಸರು ಅಲ್ಲಿಂದ ಬಂದುದೆಂದು ಒಂದು ಪಕ್ಷ. ಕುಟುಂಬದ ಇಬ್ಬರ ಕುಲನಾಮಗಳ ಮೊದಲ ಅಕ್ಷರಗಳು ಕೂಡಿ ಆದುದೆಂದು ಇನ್ನೊಂದು. ಯಾವುದು ನಿಜವಾದರೂ ತಾತ್ಪರ್ಯ ಒಂದೇ. ಬಿಳಿಯ ಒಡೆಯನು ಇಟ್ಟ ಹೆಸರನ್ನು ಬಿಟ್ಟು, ಪೂರ್ವಜರ ನಾಡಿನಿಂದಲೋ ಸ್ವಂತ ಮನೆಯಿಂದಲೋ ಹೆಸರನ್ನು ತಂದದ್ದಾಯಿತು. ೧೯೧೮ರಲ್ಲಿ ಸೇಂಟ್ ಲೂಯಿಸಿನಲ್ಲಿ ಕಟ್ಟಿದ ಪೋರೋ ಕಾಲೇಜು ಕಾರ್ಖಾನೆಯೂ ವಿದ್ಯಾಶಾಲೆಯೂ ಸಭಾಗೃಹವೂ ಆಗಿದ್ದಿತು. ಪ್ರತಿನಿಧಿಗಳನ್ನು ತರಬೇತುಮಾಡಿ ಮಾರುವ ಕ್ರಮವನ್ನು ವಾಕರಳು ಕಲಿತದ್ದು ಈಕೆಯಿಂದಲೇ. ಮುಂದೆ ಶಿಷ್ಯೆಯ ಕೀರ್ತಿಯು ಗುರುವಿನದನ್ನು ಮುಚ್ಚಿದ್ದರಿಂದ ಈ ಋಣವನ್ನು ಅನೇಕ ಚರಿತ್ರೆಗಳು ಹೇಳದೆ ಬಿಟ್ಟಿವೆ. ಕರ್ತೃತ್ವವನ್ನು ಕುರಿತ ವಿಚಾರದಲ್ಲಿ ಅದನ್ನು ಬಿಡಲಾಗದು.

೫

ವಾಕರಳ ಹುಟ್ಟುಹೆಸರು ಸಾರಾ ಬ್ರೀಡ್‌ಲವ್. ೧೮೬೭ರ ಡಿಸೆಂಬರ್ ೨೩ರಂದು ಲೂಯಿಸಿಯಾನಾ ಸಂಸ್ಥಾನದಲ್ಲಿ, ಮಿಸಿಸಿಪಿ ನದಿಯ ಪಶ್ಚಿಮದಡದ ಡೆಲ್ಟಾ ಎಂಬಲ್ಲಿ, ತಂದೆತಾಯಿಗಳು ಗುಲಾಮರಾಗಿ ದುಡಿದಿದ್ದ ಹತ್ತಿಯ ತೋಟದಲ್ಲಿಯೇ ಹುಟ್ಟಿದಳು. ಆ ಮನೆಯ ಮಕ್ಕಳಲ್ಲಿ ಸ್ವತಂತ್ರಳಾಗಿ ಹುಟ್ಟಿದವಳು ಈಕೆಯೇ ಮೊದಲಿಗಳು. ಏಳನೆಯ ವಯಸ್ಸಿಗೆ ಅನಾಥಳು; ಹದಿನಾಲ್ಕಕ್ಕೆ ವಿವಾಹ; ಇಪ್ಪತ್ತರ ಹೊತ್ತಿಗೆ ಎರಡು ವರ್ಷದ ಹೆಣ್ಣುಮಗುವಿನೊಡನೆ ವಿಧವೆ. ಅಣ್ಣಂದಿರು ಕ್ಷೌರಿಕವೃತ್ತಿಯಲ್ಲಿದ್ದ ಸೇಂಟ್ ಲೂಯಿಸಿಗೆ ಬಂದು, ದಿನಕ್ಕೆ ಸುಮಾರು ಒಂದೂವರೆ ಡಾಲರಿನಂತೆ ಅನ್ಯರ ಬಟ್ಟೆ ಒಗೆದು ಮಗಳನ್ನು ಓದಿಸಿದಳು.

ಆ ಕಾಲದಲ್ಲಿ ಬಡಮಹಿಳೆಯರಿಗೆ ಮನೆಯಲ್ಲಿ ನಲ್ಲಿನೀರಿನ ಅನುಕೂಲವಿಲ್ಲದೆ ತಲೆ ತೊಳೆಯುವುದು ಅಪರೂಪ. ಸಾಬೂನು ತೀಕ್ಷ್ಣವಾದ ಕ್ಷಾರದ್ದು. ಆದುದರಿಂದ ತಲೆಯ ಚರ್ಮದ ರೋಗವೂ ಕೂದಲುದುರುವುದೂ ಸಾಮಾನ್ಯವಾಗಿದ್ದವು. ಸಾರಾ ಕೂಡ ಇದರಿಂದ ನೊಂದು, ಟರ್ನ್‌ಬೋಳ ಲೇಪವನ್ನು ಬಳಸಿ, ಅದನ್ನು ಮಾರುವ ಪ್ರತಿನಿಧಿಯೂ ಆದಳು. ೧೯೦೫ರಲ್ಲಿ ಕೊಲರಾಡೊ ಸಂಸ್ಥಾನದ ಡೆನ್ವರ್ ನಗರಕ್ಕೆ ಹೋಗಿ, ಅಲ್ಲಿ ಗಂಧಕ ಮತ್ತು ಪೆಟ್ರೋಲಿಯಂ ಜಿಡ್ಡಿನ ಮಿಶ್ರಣದಿಂದ ಸ್ವಂತ ಲೇಪವನ್ನು ಸಿದ್ಧಗೊಳಿಸಿದಳು. ೧೯೦೬ರ ಜನವರಿಯಲ್ಲಿ, ಪತ್ರಿಕೆಯ ಜಾಹೀರಾತಿನ ಕೆಲಸ ಬಲ್ಲ ಚಾರ್ಲ್ಸ್ ಜೋಸೆಫ್ ವಾಕರ್ ಎಂಬವನನ್ನು ವಿವಾಹವಾದಳು.

ಆಗ ಆಕೆ ಧರಿಸಿದ ಹೆಸರನ್ನು ಪದವಿಭಾಗ ಮಾಡಿ ನೋಡಬೇಕು. ‘ಮೇಡಮ್’ ಎಂಬುದು ಫ್ರೆಂಚ್ ಮೂಲದ ಗೌರವವಾಚಕ. ಸೌಂದರ್ಯಸಾಧನಗಳ ವ್ಯಾಪಾರದಲ್ಲಿ ರೂಢಿಯಲ್ಲಿದ್ದುದು. ‘ಸಿ. ಜೆ.’ ಎಂಬುದು ಪತಿಯ ಆದ್ಯಕ್ಷರಗಳು. ‘ವಾಕರ್’ ಆತನ ಕುಲನಾಮ. ‘ಸಾರಾ’ ಎಂಬುದು ಎಲ್ಲಿಯೂ ಇಲ್ಲ. ಬಿಳಿಯ ಅಂಗಡಿಗಾರನಾಗಲಿ ಅಂಚೆಯವನಾಗಲಿ ಆಕೆಯನ್ನು ಬರಿಯ ಹೆಸರಿನಿಂದ ಕರೆಯಲು ಆ ಹೆಸರೇ ತಿಳಿಯದು. ಸರಕನ್ನು ಕೇಳಬೇಕಾದರೆ ಗೌರವವಾಚಕವನ್ನು ಉಚ್ಚರಿಸಲೇಬೇಕು. ಆಂಟ್ ಜೆಮೈಮ ಎಂಬಲ್ಲಿ ಯಾವ ಗೌರವವನ್ನು ತಪ್ಪಿಸಲಾಗಿದ್ದಿತೋ ಅದನ್ನು ಈ ಹೆಸರು ತನ್ನೊಳಗೇ ಸೇರಿಸಿಕೊಂಡಿತು. ೧೯೧೨ರಲ್ಲಿ ವಿವಾಹವಿಚ್ಛೇದನವಾದ ಮೇಲೂ ಆಕೆ ಈ ಹೆಸರನ್ನು ಬಿಡಲಿಲ್ಲ. ಅಷ್ಟರಲ್ಲಿ ಅದು ಪತಿಯ ಹೆಸರಾಗಿ ಉಳಿದಿರಲಿಲ್ಲ, ಆಕೆಯ ದುಡಿಮೆಯ ಹೆಸರಾಗಿದ್ದಿತು.

ಡಬ್ಬಿಯ ಮೇಲೆ ಅಚ್ಚಾದದ್ದು ಆಕೆಯದೇ ಭಾವಚಿತ್ರ. ಜಾಹೀರಾತುಗಳಲ್ಲಿ ಲೇಪವನ್ನು ಬಳಸುವ ಮೊದಲಿನ, ಗಿಡ್ಡಕೂದಲಿನ ಚಿತ್ರವನ್ನೂ ಅನಂತರದ ನೀಳಕೂದಲಿನ ಚಿತ್ರಗಳನ್ನೂ ಜೊತೆಜೊತೆಯಾಗಿ ಕೊಡುತ್ತಿದ್ದಳು. ತನ್ನ ದೇಹವನ್ನೇ ಪ್ರಮಾಣವಾಗಿ ಮುಂದಿಡುವ ಈ ಕ್ರಮವು ಬಹಳ ಫಲಕಾರಿಯಾಯಿತು. ಮಾರುವವಳೂ ಕೊಳ್ಳುವವಳೂ ಒಂದೇ ವ್ಯಥೆಯನ್ನು ಬಲ್ಲವರೆಂಬುದು ಚಿತ್ರದಿಂದಲೇ ತಿಳಿಯುತ್ತಿದ್ದಿತು. ಈ ಜಾಹೀರಾತುಗಳು ಕಪ್ಪುಜನರ ಒಡೆತನದ ಪತ್ರಿಕೆಗಳಲ್ಲಿ ಬಂದವು. ಪತ್ರಿಕೆಗೆ ಜಾಹೀರಾತಿನ ಹಣ ಬೇಕು, ಉದ್ಯಮಕ್ಕೆ ಪತ್ರಿಕೆಯ ಓದುಗರು ಬೇಕು. ಎರಡೂ ಒಂದನ್ನೊಂದು ಪೋಷಿಸಿ ಬೆಳೆದವು.

ಆದರೂ ಚಿತ್ರವೂ ಜಾಹೀರಾತೂ ಸೇರಿ ಆ ಹೆಸರನ್ನು ಕಟ್ಟಿದವೆನ್ನುವುದು ಅರ್ಧಸತ್ಯ. ಅದನ್ನು ಕಟ್ಟಿದವರು ಪ್ರತಿನಿಧಿಗಳಾದ ಮಹಿಳೆಯರು. ೧೯೦೮ರಲ್ಲಿ ಪಿಟ್ಸ್‌ಬರ್ಗ್ ನಗರದಲ್ಲಿ ಮಗಳ ಹೆಸರಿನಿಂದ ಲೀಲಿಯಾ ಕಾಲೇಜನ್ನು ತೆರೆದು, ಕೇಶಸಂಸ್ಕಾರದ ವಿದ್ಯೆಯನ್ನು ಕಲಿಸಲು ಆರಂಭಿಸಿದಳು. ೧೯೧೦ರಲ್ಲಿ ಇಂಡಿಯಾನಾಪೊಲಿಸ್ ನಗರವನ್ನು ಮುಖ್ಯಸ್ಥಳವನ್ನಾಗಿ ಮಾಡಿಕೊಂಡು, ೧೯೧೧ರಲ್ಲಿ ಕಂಪೆನಿಯನ್ನು ಕಾನೂನಿನಂತೆ ನೋಂದಾಯಿಸಿದಳು. ಅಲ್ಲಿ ಕಲಿತು ಹೊರಟ ಹೆಂಗಸರು ಸಾವಿರಾರು. ಇವರಲ್ಲಿ ಬಹುಮಂದಿ ಒಗೆಯುವವರು, ಅಡಿಗೆಯವರು, ಮನೆಗೆಲಸದವರು. ಕೈಪೆಟ್ಟಿಗೆಯನ್ನು ಹಿಡಿದು ಊರೂರಿಗೆ ಹೋದ ಪ್ರತಿಯೊಬ್ಬಳೂ ಕೊಳ್ಳುವವಳ ನೆರೆಯವಳು, ಒಂದೇ ಪ್ರಾರ್ಥನಾಮಂದಿರಕ್ಕೆ ಹೋಗುವವಳು. ಬ್ಯಾಂಕು ಮುಳುಗಿದ ಮೇಲೆ ಯಾರನ್ನು ನಂಬಬೇಕೆಂದು ತಿಳಿಯದೆ ಇದ್ದ ಜನರಿಗೆ ಈಕೆ ಕಣ್ಣೆದುರಿನ ಜಾಮೀನು. ಈ ಕೆಲಸದಿಂದ ಅವಳಿಗೆ ಸ್ವಂತ ಸಂಪಾದನೆ ದೊರೆತು, ಬಿಳಿಯರ ಅಡಿಗೆಮನೆಯ ಹಂಗು ತಪ್ಪಿತು. ವಾಕರ್ ಎಂಬ ಹೆಸರು ಒಬ್ಬಳದಾಗಿ ಹುಟ್ಟಿ ಸಾವಿರಾರು ಜನರ ಜೀವನೋಪಾಯವಾದದ್ದು ಹೀಗೆ.

ಇಷ್ಟಾದರೂ ಸ್ವಜನರಲ್ಲಿಯೇ ಮನ್ನಣೆಯು ಸುಲಭವಾಗಿ ಬರಲಿಲ್ಲ. ೧೯೧೨ರಲ್ಲಿ ಷಿಕಾಗೋದಲ್ಲಿ ಸೇರಿದ ವರ್ತಕಸಂಘದ ಸಭೆಯಲ್ಲಿ ಆಕೆಗೆ ಮಾತಿಗೆ ಅವಕಾಶ ಕೊಡಬೇಕೆಂದು ಪತ್ರಿಕಾಧಿಪತಿ ಜಾರ್ಜ್ ನಾಕ್ಸ್ ಸೂಚಿಸಿದನು. ಅಧ್ಯಕ್ಷಪೀಠದಲ್ಲಿದ್ದ ವಾಷಿಂಗ್ಟನ್ನನು ಅದನ್ನು ಕೇಳದವನಂತೆ ಮುಂದೆ ಸಾಗಿದನು. ಕೊನೆಯ ದಿನ ಆಕೆ ಕರೆಯಿಸಿಕೊಳ್ಳದೆಯೇ ಎದ್ದುನಿಂತು, ದಕ್ಷಿಣದ ಹತ್ತಿಯ ಹೊಲದಿಂದ ಬಟ್ಟೆಯ ತೊಟ್ಟಿಗೆ, ತೊಟ್ಟಿಯಿಂದ ಅಡಿಗೆಮನೆಗೆ, ಅಲ್ಲಿಂದ ಸ್ವಂತ ಉದ್ಯಮಕ್ಕೆ ತನ್ನನ್ನು ತಾನೇ ಏರಿಸಿಕೊಂಡು ಬಂದುದನ್ನೂ ಸ್ವಂತ ನೆಲದ ಮೇಲೆ ಸ್ವಂತ ಕಾರ್ಖಾನೆಯನ್ನು ಕಟ್ಟಿರುವುದನ್ನೂ ಹೇಳಿ ಕುಳಿತಳು. ಮರುವರ್ಷ ಫಿಲಡೆಲ್ಫಿಯಾದ ಸಭೆಯಲ್ಲಿ ಅದೇ ಅಧ್ಯಕ್ಷನು ಆಕೆಯನ್ನು ಭಾಷಣಕ್ಕೆ ಆಹ್ವಾನಿಸಿದನು.

ದಾನವು ಈ ಉದ್ಯಮದ ಇನ್ನೊಂದು ಅಂಗ. ೧೯೧೧ರಲ್ಲಿ ಇಂಡಿಯಾನಾಪೊಲಿಸಿನ ಕಪ್ಪುಯುವಕರ ವೈ. ಎಂ. ಸಿ. ಎ. ಕಟ್ಟಡಕ್ಕೆ ಆಕೆ ಒಂದು ಸಾವಿರ ಡಾಲರುಗಳನ್ನು ಕೊಟ್ಟಾಗ ಆ ಹೆಸರು ಪತ್ರಿಕೆಗಳ ಮೂಲಕ ದೇಶಕ್ಕೆಲ್ಲ ತಿಳಿಯಿತು. ೧೯೧೭ರಲ್ಲಿ ಫಿಲಡೆಲ್ಫಿಯಾದಲ್ಲಿ ತನ್ನ ಪ್ರತಿನಿಧಿಗಳ ಮೊದಲ ಮಹಾಸಭೆಯನ್ನು ಕೂಡಿಸಿದಳು. ಇನ್ನೂರಕ್ಕೂ ಮಿಕ್ಕ ಮಹಿಳೆಯರು ಬಂದಿದ್ದರು. ಹೆಚ್ಚು ಮಾರಿದವರಿಗೆ ಬಹುಮಾನವಿದ್ದಂತೆ, ತಮ್ಮ ಊರಿನ ಧರ್ಮಕಾರ್ಯಕ್ಕೆ ಹೆಚ್ಚು ಕೊಟ್ಟವರಿಗೂ ಅಲ್ಲಿ ಬಹುಮಾನವಿದ್ದಿತು. ಆ ವರ್ಷ ಈಸ್ಟ್ ಸೇಂಟ್ ಲೂಯಿಸಿನಲ್ಲಿ ಕಪ್ಪುಜನರ ಘೋರಹತ್ಯೆಯಾಗಿದ್ದಿತು. ಗುಂಪುಗೂಡಿ ಕೊಲ್ಲುವ ಈ ದುಷ್ಕೃತ್ಯವನ್ನು ಕಾನೂನಿನಿಂದ ತಡೆಯಬೇಕೆಂದು ಆ ಸಭೆಯು ರಾಷ್ಟ್ರಾಧ್ಯಕ್ಷ ವಿಲ್ಸನ್ನನಿಗೆ ತಂತಿ ಕಳುಹಿಸಿತು. ಕೂದಲಿನ ಲೇಪವನ್ನು ಮಾರುವ ಹೆಂಗಸರ ಕೂಟವು ದೇಶದ ಅಧ್ಯಕ್ಷನಿಗೆ ಬುದ್ಧಿ ಹೇಳುವ ಅಧಿಕಾರವನ್ನು ತಾನೇ ತೆಗೆದುಕೊಂಡಿತು. ೧೯೧೯ರಲ್ಲಿ ಇದೇ ಕಾರ್ಯಕ್ಕಾಗಿ ಎನ್. ಎ. ಎ. ಸಿ. ಪಿ. ಸಂಸ್ಥೆಗೆ ಐದು ಸಾವಿರ ಡಾಲರುಗಳನ್ನು ಕೊಡುವುದಾಗಿ ಆಕೆ ಹೇಳಿದಳು. ಆ ವರ್ಷವೇ ಮೇ ೨೫ರಂದು, ಹಡ್ಸನ್ ನದಿಯ ತೀರದಲ್ಲಿ ಕಪ್ಪುಜನಾಂಗದ ಶಿಲ್ಪಿಯಾದ ವರ್ಟ್ನರ್ ಟ್ಯಾಂಡಿಯು ಕಟ್ಟಿದ ವಿಲ್ಲಾ ಲೆವಾರೋ ಎಂಬ ಮನೆಯಲ್ಲಿ, ಐವತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡಳು. ಕಂಪೆನಿಯ ಮುಂದಿನ ನಿವ್ವಳ ಲಾಭದಲ್ಲಿ ಮೂರರಲ್ಲಿ ಎರಡು ಪಾಲು ಧರ್ಮಕಾರ್ಯಗಳಿಗೆ ಸಲ್ಲಬೇಕೆಂದು ಮರಣಶಾಸನದಲ್ಲಿ ಬರೆದಿದ್ದಳು.

೬

ಈ ಉದ್ಯಮದ ಮೇಲೆ ಬಂದಿರುವ ಆಕ್ಷೇಪಗಳಲ್ಲಿ ಮುಖ್ಯವಾದುದು ಇದು: ಗುಂಗುರುಗೂದಲನ್ನು ನೇರಮಾಡಿ ಬಿಳಿಯರಂತೆ ಕಾಣಬೇಕೆಂಬ ಆಸೆಯನ್ನು ಈ ಸರಕು ಹುಟ್ಟಿಸಿತು; ಹೆಸರು ಸ್ವಂತದ್ದಾದರೂ ಆದರ್ಶವು ಪರರದು. ವಾಷಿಂಗ್ಟನ್ನನ ಅಸಮಾಧಾನಕ್ಕೂ ಇದೇ ಕಾರಣವಾಗಿದ್ದಿತು. ಇದನ್ನು ತಳ್ಳಿಹಾಕಲಾಗದು. ಕಾಯಿಸಿದ ಬಾಚಣಿಗೆಯ ಬಳಕೆಯು ಆಕೆಯ ಪದ್ಧತಿಯಲ್ಲಿ ಸೇರಿದ್ದಿತು. ಡಬ್ಬಿಯ ಚಿತ್ರದಲ್ಲಿರುವುದೂ ನೀಳಗೂದಲೇ. ಆದರೆ ‘ಕೂದಲು ನೇರಮಾಡುವ ಔಷಧ’ ಎಂಬ ಮಾತನ್ನು ಆಕೆ ತನ್ನ ಜಾಹೀರಾತುಗಳಲ್ಲಿ ನಿಷೇಧಿಸಿದ್ದಳು. ತಲೆಯ ಚರ್ಮದ ಆರೋಗ್ಯವೇ ಉದ್ದೇಶವೆಂದು ಹೇಳುತ್ತಿದ್ದಳು. ಮೈಬಣ್ಣವನ್ನು ಬಿಳುಪುಮಾಡುವ ಲೇಪವು ಆಕೆ ಬದುಕಿರುವ ತನಕ ಕಂಪೆನಿಯಿಂದ ಹೊರಬರಲಿಲ್ಲ, ಮರಣಾನಂತರವೇ ಬಂದಿತು. ಎರಡು ಪಕ್ಷಗಳನ್ನೂ ತೂಗಿದರೆ, ಆಕೆ ತನ್ನ ಕಾಲದ ಸೌಂದರ್ಯಕಲ್ಪನೆಯನ್ನು ಪೂರ್ತಿಯಾಗಿ ಮೀರಲಿಲ್ಲವೆಂದೂ, ಅದಕ್ಕೆ ಪೂರ್ತಿಯಾಗಿ ಒಳಗಾಗಲೂ ಇಲ್ಲವೆಂದೂ ಹೇಳುವುದು ನ್ಯಾಯ.

ಎರಡನೆಯದು, ಕೀರ್ತಿಯ ಅತಿಶಯೋಕ್ತಿ. ಆಕೆ ಹತ್ತು ಲಕ್ಷ ಡಾಲರುಗಳ ಒಡತಿಯೆಂದು ಬದುಕಿರುವಾಗಲೇ ಪ್ರಸಿದ್ಧಿಯಿದ್ದಿತು. ಅದನ್ನು ಆಕೆ ಪತ್ರಿಕೆಯವರ ಮುಂದೆ ಅಲ್ಲಗಳೆದಿದ್ದಳು. ಮರಣಾನಂತರದ ಲೆಕ್ಕದಲ್ಲಿಯೂ ಆಸ್ತಿಯು ಆ ಮೊತ್ತವನ್ನು ಮುಟ್ಟಲಿಲ್ಲ. ಲೇಪದ ಸೂತ್ರವು ಸ್ವಪ್ನದಲ್ಲಿ ಕಾಣಿಸಿಕೊಂಡ ಪುರುಷನಿಂದ ಉಪದಿಷ್ಟವಾಯಿತೆಂಬ ಕಥೆಯನ್ನು ಮಾತ್ರ ಆಕೆಯೇ ಹೇಳುತ್ತಿದ್ದಳು. ಗಂಧಕವು ಚರ್ಮರೋಗಕ್ಕೆ ಬಹುಕಾಲದಿಂದ ಬಳಕೆಯಲ್ಲಿದ್ದ ಔಷಧ. ಟರ್ನ್‌ಬೋಳ ಸರಕಿನ ಪರಿಚಯವೂ ಆಕೆಗೆ ಇದ್ದಿತು. ಸ್ವಪ್ನಕಥೆಯು ಗುರುವಿನ ಋಣವನ್ನು ಮರೆಮಾಡಲು ಸಹಾಯಮಾಡಿತೆಂಬುದನ್ನು ಚರಿತ್ರಕಾರನು ಹೇಳಲೇಬೇಕು.

೭

ವಾಕರಳ ಅನಂತರ ಈ ಮಾರ್ಗದಲ್ಲಿ ಬಂದವರು ಅನೇಕರು. ಜಾನ್ ಎಚ್. ಜಾನ್ಸನ್ ಎಂಬವನು ೧೯೪೨ರಲ್ಲಿ, ತಾಯಿಯು ಮನೆಯ ಪೀಠೋಪಕರಣಗಳನ್ನು ಒತ್ತೆಯಿಟ್ಟು ತಂದ ಐನೂರು ಡಾಲರುಗಳಿಂದ ಪತ್ರಿಕೋದ್ಯಮವನ್ನು ಆರಂಭಿಸಿ, ೧೯೪೫ರಲ್ಲಿ ‘ಎಬೊನಿ’ ಪತ್ರಿಕೆಯನ್ನು ಹೊರಡಿಸಿದನು. ಜಾರ್ಜ್ ಜಾನ್ಸನ್ ಎಂಬ ಮತ್ತೊಬ್ಬನು ೧೯೫೪ರಲ್ಲಿ ಷಿಕಾಗೋದಲ್ಲಿ ಸ್ಥಾಪಿಸಿದ ಕೇಶಸಾಧನಗಳ ಕಂಪೆನಿಯು ೧೯೭೧ರಲ್ಲಿ ಅಮೆರಿಕನ್ ಸ್ಟಾಕ್ ಎಕ್ಸ್‌ಚೇಂಜಿನಲ್ಲಿ ಸ್ಥಾನ ಪಡೆಯಿತು. ಕಪ್ಪುಜನರ ಒಡೆತನದ ಕಂಪೆನಿಗಳಲ್ಲಿ ಆ ಸ್ಥಾನ ಪಡೆದುದು ಅದೇ ಮೊದಲು. ಆದರೆ ಈ ಹೆಸರುಗಳ ಲಾಭವನ್ನು ಕಂಡ ದೊಡ್ಡ ಕಂಪೆನಿಗಳು ಅದೇ ಪೇಟೆಗೆ ನುಗ್ಗಿದವು. ಜಾರ್ಜ್ ಜಾನ್ಸನ್ನನ ಕಂಪೆನಿಯು ೧೯೯೩ರಲ್ಲಿ ಅನ್ಯರಿಗೆ ಮಾರಾಟವಾಯಿತು. ಜಾನ್ ಜಾನ್ಸನ್ನನ ಪ್ರಕಾಶನಸಂಸ್ಥೆಯು ೨೦೧೯ರಲ್ಲಿ ದಿವಾಳಿಯಾಯಿತು.

ವಾಕರ್ ಎಂಬ ಹೆಸರಿನ ಗತಿಯೂ ಗಮನಾರ್ಹವಾದುದು. ಹಳೆಯ ಕಂಪೆನಿಯು ೧೯೮೦ರ ದಶಕದಲ್ಲಿ ಸ್ಥಾಪಕಿಯ ನ್ಯಾಸದವರ ಕೈಬಿಟ್ಟಿತು. ಲೈಬೀರಿಯಾದಲ್ಲಿ ಹುಟ್ಟಿದ ರಿಷೆಲ್ಯೂ ಡೆನಿಸ್ ಎಂಬವನು ಸ್ಥಾಪಿಸಿದ ಸನ್‌ಡಯಲ್ ಕಂಪೆನಿಯವರು ೨೦೧೬ರಲ್ಲಿ ಆ ಹೆಸರಿನಿಂದ ಹೊಸ ಸರಕನ್ನು ಹೊರಡಿಸಿದರು. ಮರುವರ್ಷವೇ ಯೂನಿಲಿವರ್ ಎಂಬ ಮಹಾಕಂಪೆನಿಯು ಸನ್‌ಡಯಲನ್ನು ಕೊಂಡುಕೊಂಡಿತು. ಹೆಸರೂ ಜೊತ���ಗೆ ಹೋಯಿತು. ಸ್ವಾಮ್ಯಮುದ್ರೆಗೆ ಎದುರಾಗಿ ಹುಟ್ಟಿದ ಕರ್ತೃಮುದ್ರೆಯು ಮತ್ತೆ ಸ್ವಾಮ್ಯದ ವಸ್ತುವಾಯಿತು. ವಾಣಿಜ್ಯನ್ಯಾಯದಲ್ಲಿ ಹೆಸರೂ ಮಾರಾಟಕ್ಕೆ ಒಳಪಟ್ಟ ಆಸ್ತಿಯಾಗಿರುವ ತನಕ ಇದು ತಪ್ಪದು. ರಾಕ್ಷಸನ ಮುದ್ರೆಯುಂಗುರವು ಚಾಣಕ್ಯನ ಕೈಗೆ ಸಿಕ್ಕಿದ ಮೇಲೆ ರಾಕ್ಷಸನ ಇಷ್ಟಾನಿಷ್ಟಗಳನ್ನು ಕೇಳಲಿಲ್ಲವೆಂಬುದು ವಿಶಾಖದತ್ತನ ನಾಟಕವನ್ನು ಓದಿದವರಿಗೆ ತಿಳಿದೇ ಇದೆ.

ಹಾಗಾದರೆ ಉಳಿದದ್ದೇನು? ಇಂಡಿಯಾನಾಪೊಲಿಸಿನ ಒಂದು ನಾಟಕಶಾಲೆಯಲ್ಲಿ ಹತ್ತು ಸೆಂಟಿನ ಪ್ರವೇಶಧನಕ್ಕೆ ಬದಲಾಗಿ ಕಪ್ಪುಜನರೆಂಬ ಕಾರಣಕ್ಕೆ ಇಪ್ಪತ್ತೈದು ಸೆಂಟುಗಳನ್ನು ಕೇಳಿದಾಗ ವಾಕರಳು ನ್ಯಾಯಸ್ಥಾನಕ್ಕೆ ಹೋದಳು. ಸ್ವಜನರಿಗಾಗಿ ಬೇರೊಂದು ನಾಟಕಶಾಲೆ ಬೇಕೆಂಬುದು ಆಕೆಯ ಸಂಕಲ್ಪವಾಗಿದ್ದಿತು. ಆಕೆ ತೀರಿಕೊಂಡ ಎಂಟು ವರ್ಷಗಳ ಮೇಲೆ, ೧೯೨೭ರಲ್ಲಿ, ಕಾರ್ಖಾನೆ, ನಾಟಕಶಾಲೆ, ವಿದ್ಯಾಶಾಲೆಗಳನ್ನೊಳಗೊಂಡ ವಾಕರ್ ಕಟ್ಟಡವು ಎದ್ದಿತು. ಇಂದಿಗೂ ಅದು ಸಾರ್ವಜನಿಕ ಕಲಾಕೇಂದ್ರವಾಗಿದೆ. ಡಬ್ಬಿಯ ಮೇಲಿನ ಹೆಸರನ್ನು ಕೊಂಡವರಿಗೆ ಈ ಕಟ್ಟಡದ ಹೆಸರು ಸೇರಲಿಲ್ಲ. ಊರೂರಿನಲ್ಲಿ ಆ ವಿದ್ಯೆಯಿಂದ ಮಕ್ಕಳನ್ನು ಓದಿಸಿದ ಹೆಂಗಸರ ಗಳಿಕೆಯೂ ಸೇರಲಿಲ್ಲ. ಕಪ್ಪುಜನರ ಉದ್ಯಮಚರಿತ್ರೆಯನ್ನು ಬರೆಯುವವರು ಸರಕಿನ ಮೇಲಿನ ಮುದ್ರೆಯನ್ನು ಎಣಿಸಿದಷ್ಟೇ ಶ್ರದ್ಧೆಯಿಂದ ಈ ಗಳಿಕೆಯನ್ನೂ ಎಣಿಸಬೇಕಾಗುವುದು. ಡೇವನು ಹಸಿಮಣ್ಣಿನಲ್ಲಿ ಬರೆದ ಹೆಸರಿನಿಂದ ಅವನಿಗೆ ಒಂದು ಕಾಸೂ ಹುಟ್ಟಲಿಲ್ಲ. ಆದರೂ ಆ ಹರವಿಗಳನ್ನು ಇಂದು ವಿದ್ವಾಂಸರು ಗುರುತಿಸುವುದು ಮೈಲ್ಸನ ಹೆಸರಿನಿಂದಲ್ಲ, ಡೇವನ ಹೆಸರಿನಿಂದ.